ಮುಖಜಭೂಮಿಯ ನಡುಗಡ್ಡೆಗಳು

ನದಿಯು ಹೊತ್ತು ತಂದ ಹೂಳು ಸಮುದ್ರ ಸೇರುವಲ್ಲಿ ಸಂಚಯಗೊಂಡು ರೂಪುಗೊಳ್ಳುವ ಭೂಭಾಗಗಳನ್ನು ಮುಖಜಭೂಮಿಯ ನಡುಗಡ್ಡೆಗಳು ಎನ್ನುತ್ತಾರೆ. ಕೃಷ್ಣಾ ನದಿಯ ಮುಖಜಭೂಮಿಯು ಆಂಧ್ರಪ್ರದೇಶದಲ್ಲಿದ್ದರೂ ಅದನ್ನು ಕಟ್ಟಿದ ಮಣ್ಣಿನ ಒಂದು ಪಾಲು ಕಲಬುರಗಿ ಜಿಲ್ಲೆಯದು.

ಹೂಳಿನ ಮೂಲ

ಕಲಬುರಗಿ ನಗರ ಹಾಗೂ ಕಮಲಾಪುರದ ಸುತ್ತ ಬಸಾಲ್ಟ್ ಶಿಲೆಯು ಶಿಥಿಲಗೊಂಡು ಉಂಟಾದ ಎರೆಮಣ್ಣು ವ್ಯಾಪಕವಾಗಿದೆ. ಜೇಡಿಯ ಅಂಶ ಹೆಚ್ಚಿರುವ ಈ ಮಣ್ಣು ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ. ಮಳೆಗಾಲದಲ್ಲಿ ಹಳ್ಳಗಳಿಗೆ ಕೊಚ್ಚಿಹೋಗುತ್ತದೆ. ಕಮಲಾಪುರ ಭಾಗದ ಗಂಡೋರಿ ನಾಲೆಯು ಬೆಣ್ಣೆತೊರಾವನ್ನೂ, ಅದು ಕಾಗಿಣಾವನ್ನೂ, ಕಾಗಿಣಾ ಭೀಮೆಯನ್ನೂ ಸೇರುತ್ತವೆ. ಭೀಮೆಯು ರಾಯಚೂರಿನ ಉತ್ತರಕ್ಕೆ ಕೃಷ್ಣೆಯಲ್ಲಿ ಕೂಡುತ್ತದೆ. ಆ ಭಾಗದ ಕುರ್ವಕಲ, ಕುರ್ವಕುರ್ದಾ ಮುಂತಾದವು ನದಿಯ ನಡುವಣ ನಡುಗಡ್ಡೆಗಳೇ ಹೊರತು ಮುಖಜಭೂಮಿಯವಲ್ಲ.

ರಚನೆ

ಸಮುದ್ರದ ಬಳಿ ನದಿಯ ವೇಗ ತಗ್ಗುತ್ತದೆ. ಭಾರವಾದ ಮರಳು ಮೊದಲು ತಳಕ್ಕಿಳಿದು ಪ್ರವಾಹದ ನಡುವೆ ದಿಬ್ಬವಾಗುತ್ತದೆ. ನೀರು ಅದನ್ನು ಬಳಸಿ ಎರಡು ಕವಲಾಗಿ ಹರಿಯುತ್ತದೆ. ಜೇಡಿಯ ಕಣಗಳು 0.002 ಮಿಲಿಮೀಟರಿಗಿಂತ ಚಿಕ್ಕವು. ಸಿಹಿನೀರಿನಲ್ಲಿ ತೇಲುವ ಇವು ಉಪ್ಪುನೀರು ತಗಲಿದೊಡನೆ ಒಂದಕ್ಕೊಂದು ಅಂಟಿಕೊಂಡು ಮುಳುಗುತ್ತವೆ. ದಿಬ್ಬವು ನೀರಿನ ಮಟ್ಟಕ್ಕೆ ಬಂದಾಗ ಹುಲ್ಲು, ಕಾಂಡ್ಲಾ ಗಿಡಗಳು ಬೇರೂರಿ ಇನ್ನಷ್ಟು ಹೂಳನ್ನು ಹಿಡಿದಿಡುತ್ತವೆ. ಪ್ರತಿ ನೆರೆಯೂ ಒಂದು ಹೊಸ ಪದರವನ್ನು ಸೇರಿಸುತ್ತದೆ.

ದಿವಿಸೀಮೆ

ವಿಜಯವಾಡದ ಕೆಳಗೆ ಪುಲಿಗಡ್ಡದ ಬಳಿ ಕೃಷ್ಣೆಯು ಕವಲೊಡೆಯುತ್ತದೆ. ಈ ಕವಲುಗಳ ನಡುವಣ ಫಲವತ್ತಾದ ತಗ್ಗುನೆಲವೇ ದಿವಿಸೀಮೆ. 1977ರ ನವೆಂಬರ್ 19ರ ಚಂಡಮಾರುತದಲ್ಲಿ ಸಮುದ್ರದ ಅಲೆಗಳು ಇಲ್ಲಿಗೆ ನುಗ್ಗಿ ಸಾವಿರಾರು ಜನರು ಮೃತಪಟ್ಟರು. ಕಾಂಡ್ಲಾ ಕಾಡುಗಳು ಇಂತಹ ಅಲೆಗಳ ರಭಸವನ್ನು ತಗ್ಗಿಸುತ್ತವೆ.

ಹೂಳಿನ ಕೊರತೆ

ಸಂಚಯಗೊಂಡ ಜೇಡಿಯು ತನ್ನ ಭಾರಕ್ಕೇ ಅದುಮಿ ಕುಸಿಯುತ್ತದೆ. ಆದುದರಿಂದ ಹೊಸ ಹೂಳು ಬಾರದಿದ್ದರೆ ನಡುಗಡ್ಡೆಯು ತಗ್ಗುತ್ತದೆ, ದಡ ಕೊರೆಯುತ್ತದೆ. ಭೀಮೆಯ ಉಜ್ಜನಿ, ಕೃಷ್ಣೆಯ ಆಲಮಟ್ಟಿ, ನಾರಾಯಣಪುರ, ಶ್ರೀಶೈಲ ಹಾಗೂ ನಾಗಾರ್ಜುನಸಾಗರ ಜಲಾಶಯಗಳಲ್ಲಿ ಹೂಳು ನಿಲ್ಲುವುದರಿಂದ ಸಮುದ್ರವನ್ನು ಮುಟ್ಟುವ ಪ್ರಮಾಣವು ಬಹುಪಾಲು ತಗ್ಗಿದೆ. ಒಂದೇ ಮಣ್ಣು ಮೇಲ್ಭಾಗದಲ್ಲಿ ಜಲಾಶಯದ ಸಾಮರ್ಥ್ಯವನ್ನು ಕುಗ್ಗಿಸಿದರೆ, ಕೆಳಭಾಗದಲ್ಲಿ ಅದರ ಅಭಾವವು ಕರಾವಳಿಯನ್ನು ಸವೆಸುತ್ತದೆ.

ನಿಸರ್ಗಾಧಾರಿತ ಪರಿಹಾರ

ಅಮೆರಿಕದ ಲೂಸಿಯಾನದಲ್ಲಿ ನೆರೆ ನಿಯಂತ್ರಣಕ್ಕಾಗಿ 1940ರ ದಶಕದ ಆರಂಭದಲ್ಲಿ ತೋಡಿದ ವ್ಯಾಕ್ಸ್ ಲೇಕ್ ಕಾಲುವೆಯು ಹೂಳನ್ನು ಕೊಲ್ಲಿಗೆ ಒಯ್ಯಿತು. 1973ರ ನೆರೆಯ ನಂತರ ಅಲ್ಲಿ ಹೊಸ ನಡುಗಡ್ಡೆಗಳು ನೀರಿನ ಮೇಲೆ ಕಾಣಿಸಿಕೊಂಡವು. ನೀರಿಗೂ ಹೂಳಿಗೂ ದಾರಿ ಬಿಟ್ಟರೆ ನದಿಯೇ ನೆಲವನ್ನು ಕಟ್ಟಬಲ್ಲದು ಎಂಬುದಕ್ಕೆ ಇದು ನಿದರ್ಶನವಾಗಿದೆ.