ಬಾಂಡ್ ಮನೆ ಹುಡುಕಿಕೊಂಡು ಸ್ಕಾಟ್ಲೆಂಡಿಗೆ ಹೋದೆ!

"ಆ ಮನೆ ಮುಂದೆ ನಿಂತ್ಕೊಂಡು ಒಂದು ಫೋಟೋ ಹೊಡೆಸ್ಕೊಂಡು ಬಾ ಮಗಾ. ನನ್ನ ಹೆಸರಲ್ಲಿ!"

ಇದು ಮಂಡ್ಯದಲ್ಲಿ ಸೈಕಲ್ ಷಾಪ್ ಇಟ್ಟಿರುವ ನನ್ನ ಗೆಳೆಯನ ಅಪ್ಪಣೆ. 2012ರಲ್ಲಿ ನಾವಿಬ್ಬರೂ ಬೆಂಗಳೂರಿಗೆ ಬಂದು ಸೆಕೆಂಡ್ ಷೋ 'ಸ್ಕೈಫಾಲ್' ನೋಡಿದ್ದೆವು. ಊರಿನ ಬಸ್ಸು ತಪ್ಪಿತು. ಬೆಳಗಿನ ಜಾವದವರೆಗೂ ಮೆಜೆಸ್ಟಿಕ್ ಬಸ್ ಸ್ಟ್ಯಾಂಡೇ ಗತಿ. ರಾತ್ರಿಯಿಡೀ ಮಾತು ಒಂದೇ: ಮಂಜು ಮುಸುಕಿದ ಆ ಬೆಟ್ಟಗಳು, ಬಾಂಡ್ ಬಾಲ್ಯ ಕಳೆದ ಆ ಕಲ್ಲಿನ ಮನೆ... "ಸಾಯೋದ್ರೊಳಗೆ ನೋಡ್ಬೇಕು ಕಣೋ" ಅಂದಿದ್ದ.

ಆಮೇಲೆ ಅವನಿಗೆ ಅಂಗಡಿ, ಸಂಸಾರ, ಸಾಲ. ನನಗೆ ಮಾತ್ರ ಅದೃಷ್ಟ ಖುಲಾಯಿಸಿತು. ಗ್ಲಾಸ್ಗೋದಲ್ಲಿ ಕೆಲಸಕ್ಕಿರುವ ಅಕ್ಕನ ಮಗ, "ಮಾವ, ನಿಮ್ಮ ಸಿನಿಮಾ ಹುಚ್ಚಿಗೆ ಇದೇ ಸರಿ" ಅಂತ ನಾಲ್ಕು ದಿನದ ಬಸ್ ಟೂರಿಗೆ ಟಿಕೆಟ್ ತೆಗೆದುಕೊಟ್ಟ. ಸಿನಿಮಾ ತೆಗೆದ ಜಾಗಗಳನ್ನೇ ತೋರಿಸುವ ಟೂರು!

ಗ್ಲಾಸ್ಗೋ ಅಲ್ಲ, ಫಿಲಡೆಲ್ಫಿಯಾ!

ಬಸ್ಸಿಗೆ ಗೈಡ್ ಬೇರೆ ಇಲ್ಲ. ಕಿವಿಗೆ ಮೈಕು ಸಿಕ್ಕಿಸಿಕೊಂಡ ನರೆಗೂದಲಿನ ಡ್ರೈವರೇ ಗೈಡು. ಹೊರಟು ಐದು ನಿಮಿಷವಾಗಿಲ್ಲ, ಊರ ನಡುವಿನ ಜಾರ್ಜ್ ಸ್ಕ್ವೇರ್ ತೋರಿಸಿ, "ಇದು ಅಮೆರಿಕದ ಫಿಲಡೆಲ್ಫಿಯಾ" ಅಂದರು. ಬಸ್ಸೆಲ್ಲ ನಗು. ತಮಾಷೆಯಲ್ಲ ಸ್ವಾಮಿ! ಬ್ರಾಡ್ ಪಿಟ್‌ನ 'ವರ್ಲ್ಡ್ ವಾರ್ ಝಡ್' (2013) ಚಿತ್ರಕ್ಕೆ 2011ರಲ್ಲಿ ಇದೇ ಚೌಕವನ್ನು ಫಿಲಡೆಲ್ಫಿಯಾ ಮಾಡಿದ್ದರಂತೆ. ನನಗೆ ಆಗಲೇ ಸಣ್ಣಗೆ ಅನುಮಾನ ಶುರುವಾಯಿತು.

ಸ್ಟರ್ಲಿಂಗ್ ಊರಲ್ಲಿ ಅನುಮಾನ ಬಲಿಯಿತು. 1297ರಲ್ಲಿ ವಿಲಿಯಂ ವಾಲೆಸ್ ಇಂಗ್ಲಿಷ್ ಸೈನ್ಯವನ್ನು ಬಡಿದಟ್ಟಿದ್ದು ಇಲ್ಲಿನ ಸೇತುವೆ ಬಳಿ. ಇಕ್ಕಟ್ಟಾದ ಸೇತುವೆ ಮೇಲೆ ಅರ್ಧ ಸೈನ್ಯ ದಾಟುವವರೆಗೂ ಸುಮ್ಮನಿದ್ದು ಆಮೇಲೆ ಬಿದ್ದದ್ದೇ ಅವನ ಜಾಣತನ. ಐದು ಆಸ್ಕರ್ ಗೆದ್ದ ಮೆಲ್ ಗಿಬ್ಸನ್‌ನ 'ಬ್ರೇವ್‌ಹಾರ್ಟ್' (1995) ನೆನಪಿಸಿಕೊಳ್ಳಿ. ಆ ಯುದ್ಧದಲ್ಲಿ ಸೇತುವೆಯೇ ಇಲ್ಲ! ಅಷ್ಟೇ ಅಲ್ಲ, ಆ ಕಾಳಗ ತೆಗೆದದ್ದು ಐರ್ಲೆಂಡಿನಲ್ಲಿ. ಸೈನಿಕರಾಗಿ ಓಡಿದವರಲ್ಲಿ ಬಹಳಷ್ಟು ಮಂದಿ ಐರಿಷ್ ಸೈನ್ಯದ ಹುಡುಗರು!

ಹತ್ತಿರದ ಡೂನ್ ಕೋಟೆ 'ಮಾಂಟಿ ಪೈಥಾನ್ ಅಂಡ್ ದಿ ಹೋಲಿ ಗ್ರೇಲ್' (1975) ಚಿತ್ರದ್ದು. ಬೇರೆ ಕೋಟೆಗಳಿಗೆ ಪರವಾನಗಿ ಸಿಗದೆ, ಇದೊಂದನ್ನೇ ತಿರುಗಿಸಿ ಮುರುಗಿಸಿ ಹಲವು ಕೋಟೆ ಮಾಡಿ ತೋರಿಸಿದ್ದಾರೆ. ಕುದುರೆಗೆ ಕಾಸಿಲ್ಲ, ರಾಜ ಬರಿಗಾಲಲ್ಲೇ ಕುಪ್ಪಳಿಸುತ್ತಾನೆ, ಸೇವಕ ಹಿಂದಿನಿಂದ ತೆಂಗಿನ ಚಿಪ್ಪು ಕುಟ್ಟುತ್ತಾನೆ. ಟಕಟಕ ಟಕಟಕ! ನಮ್ಮ ಸೀಮೆಯ ಚಿಪ್ಪಿಗೆ ಅಲ್ಲೂ ಇಷ್ಟು ಮರ್ಯಾದೆ.

ಮುಳುಗಿದ ರಾಕ್ಷಸ

ಎರಡನೇ ದಿನ ಲಾಕ್ ನೆಸ್ ಸರೋವರ. ಬಿಲ್ಲಿ ವೈಲ್ಡರ್ ತನ್ನ ಷರ್ಲಾಕ್ ಹೋಮ್ಸ್ ಚಿತ್ರಕ್ಕೆ (1970) ಮೂವತ್ತು ಅಡಿ ಉದ್ದದ ಜಲರಾಕ್ಷಸನನ್ನು ಮಾಡಿಸಿದ್ದ. ಬೆನ್ನ ಮೇಲಿನ ಡುಬ್ಬ ಚೆನ್ನಾಗಿಲ್ಲ ಅಂತ ತೆಗೆಸಿದ. ತೇಲಿಸುತ್ತಿದ್ದುದೇ ಆ ಡುಬ್ಬ! 1969ರಲ್ಲಿ ರಾಕ್ಷಸ ಗುಳುಂ ಅಂತ ಮುಳುಗಿದ. ಸಿಕ್ಕಿದ್ದು 2016ರಲ್ಲಿ, ನೀರಿನಡಿ ಓಡಾಡುವ ಯಂತ್ರದ ಕಣ್ಣಿಗೆ.

ಮಧ್ಯಾಹ್ನ ಐಲಿಯನ್ ಡೋನನ್ ಕೋಟೆ. 'ಹೈಲ್ಯಾಂಡರ್' (1986), ಬಾಂಡ್‌ನ 'ದಿ ವರ್ಲ್ಡ್ ಈಸ್ ನಾಟ್ ಇನಫ್' (1999) ಬಿಡಿ, 'ಕುಛ್ ಕುಛ್ ಹೋತಾ ಹೈ' (1998) ಹಾಡಿನಲ್ಲಿ ಷಾರುಖ್-ಕಾಜೋಲ್ ಹಿಂದೆ ಕಾಣುವ ಕೋಟೆ ಇದೇ. ನೋಡಿದರೆ ಸಾವಿರ ವರ್ಷದ್ದು ಅನ್ನಿಸುತ್ತೆ. ಆದರೆ 1719ರಲ್ಲಿ ಯುದ್ಧನೌಕೆಗಳು ಇದನ್ನು ಪುಡಿಗಟ್ಟಿದ್ದವು. ಮತ್ತೆ ಕಟ್ಟಿ ಮುಗಿಸಿದ್ದು 1932ರಲ್ಲಿ. ನಮ್ಮ 'ಸತಿ ಸುಲೋಚನಾ' ತೆರೆ ಕಂಡದ್ದಕ್ಕಿಂತ ಎರಡೇ ವರ್ಷ ಮುಂಚೆ!

ಮೂರನೇ ದಿನ ಸ್ಕೈ ದ್ವೀಪದಿಂದ ದೋಣಿಯಲ್ಲಿ ದಾಟಿ, ಗ್ಲೆನ್‌ಫಿನ್ನನ್ ರೈಲು ಸೇತುವೆ. ಬಿಲ್ಲಿನಂತೆ ಬಾಗಿದ 21 ಕಮಾನು, ಸುಮಾರು ನೂರಡಿ ಎತ್ತರ. 1901ರಲ್ಲಿ ರೈಲು ಓಡತೊಡಗಿತು. 'ಹ್ಯಾರಿ ಪಾಟರ್' ಎರಡನೇ ಚಿತ್ರದಲ್ಲಿ (2002) ಹಾರುವ ಕಾರು ರೈಲಿನ ಬೆನ್ನು ಹತ್ತುವುದು ಇಲ್ಲೇ. ಹೊಗೆ ಕಾರುತ್ತಾ ಉಗಿಬಂಡಿ ಬಂತು ನೋಡಿ, ಗುಡ್ಡದ ಮೇಲೆ ಕಾದಿದ್ದವರೆಲ್ಲ ಹೋ ಅಂದರು. ನಾನೂ ಶಿಳ್ಳೆ ಹೊಡೆದೆ. ಸೆಟ್ಟಲ್ಲದ್ದು ಒಂದಾದರೂ ಸಿಕ್ಕಿತಲ್ಲ!

ಮನೆ ಎಲ್ಲಿ?

ಕೊನೆ ದಿನ ಗ್ಲೆನ್‌ಕೋ ಕಣಿವೆ. ನಾನು ಕಾದಿದ್ದ ದಿನ. ಬಸ್ಸು ಹೊರಡುವ ಮೊದಲೇ ಡ್ರೈವರ್ ಹತ್ತಿರ ಹೋಗಿ, "ಬಾಂಡ್ ಮನೆ ಎಷ್ಟು ಹೊತ್ತಿಗೆ ಬರುತ್ತೆ?" ಎಂದು ಕೇಳಿದೆ.

ಪಾಪ, ಅವರ ಮುಖ ಸಪ್ಪಗಾಯಿತು. "ಆ ಮನೆ ಇಲ್ಲಿಲ್ಲಪ್ಪ. ಲಂಡನ್ ಕಡೆ ಸರ್ರೆಯ ಬಯಲಲ್ಲಿ ಕಟ್ಟಿದ್ದ ಸೆಟ್ಟು ಅದು. ಪ್ಲೈವುಡ್ಡು, ಪ್ಲಾಸ್ಟರು. ಷೂಟಿಂಗ್ ಆಯ್ತು, ಮನೆ ಹೋಯ್ತು."

ಎದೆ ಧಸಕ್ಕಂತು. ಗೆಳೆಯನಿಗೆ ಏನಂತ ಹೇಳಲಿ? ಹ್ಯಾಗ್ರಿಡ್‌ನ ಗುಡಿಸಲನ್ನೂ ಇದೇ ಕಣಿವೆಯಲ್ಲಿ ಕಟ್ಟಿ ಕಿತ್ತುಹಾಕಿದರು ಅಂತ ಅವರು ಸಮಾಧಾನ ಹೇಳುತ್ತಿದ್ದರೆ ನಾನು ಕಿಟಕಿಗೆ ತಲೆ ಆನಿಸಿಕೊಂಡು ಸುಮ್ಮನೆ ಕೂತೆ.

ಗ್ಲೆನ್‌ಕೋ ಹಳ್ಳಿಯಲ್ಲಿ ಬಸ್ಸು ನಿಂತಿತು. ಒಂದು ಎತ್ತರದ ಕಲ್ಲಿನ ಶಿಲುಬೆ. ಡ್ರೈವರ್ ಮೈಕು ತೆಗೆದಿಟ್ಟು, ಬರೀ ಬಾಯಲ್ಲೇ ಕಥೆ ಹೇಳಿದರು.

ಇಲ್ಲಿದ್ದವರು ಮ್ಯಾಕ್‌ಡೊನಾಲ್ಡ್ ಕುಲದವರು. ಅವರ ಮುಖಂಡ ರಾಜನಿಗೆ ನಿಷ್ಠೆಯ ಪ್ರಮಾಣ ಮಾಡುವುದು ಕೆಲವೇ ದಿನ ತಡವಾಯಿತು. 1692ರ ಚಳಿಗಾಲದಲ್ಲಿ ರಾಜನ ಸೈನಿಕರು ಬಂದು ಇವರ ಮನೆಗಳಲ್ಲೇ ಇಳಿದುಕೊಂಡರು. ಸುಮಾರು ಹನ್ನೆರಡು ದಿನ ಇವರದೇ ಊಟ, ಇವರದೇ ಬೆಂಕಿ. ಫೆಬ್ರವರಿ 13ರ ಬೆಳಗಿನ ಜಾವ ಅಪ್ಪಣೆ ಬಂತು. ಉಂಡ ಮನೆಯವರನ್ನೇ ಎದ್ದು ಕೊಂದರು. 38 ಜನ. ಹಿಮದಲ್ಲಿ ಓಡಿಹೋದ ಹೆಂಗಸರು ಮಕ್ಕಳು ಎಷ್ಟೋ ಮಂದಿ ಚಳಿಗೆ ಸತ್ತರು. ಸೈನಿಕರ ನಾಯಕ ಕ್ಯಾಂಬೆಲ್ ಮನೆತನದವನು. ಮುನ್ನೂರು ವರ್ಷ ದಾಟಿದರೂ ಕಣಿವೆಯ ಹೋಟೆಲೊಂದು ಕ್ಯಾಂಬೆಲ್‌ಗಳಿಗೆ ಪ್ರವೇಶವಿಲ್ಲ ಅಂತ ತಮಾಷೆಗೆ ಬೋರ್ಡು ಹಾಕಿಕೊಂಡಿದೆ!

ಬಸ್ಸು ಮತ್ತೆ ಹತ್ತಿದಾಗ ಯಾರೂ ಮಾತಾಡಲಿಲ್ಲ. ಎರಡೂ ಕಡೆ ಕಪ್ಪು ಬೆಟ್ಟ, ಮೇಲೆ ಮೋಡ, ಸಣ್ಣ ಮಳೆ. ನನಗೆ ಚಿತ್ರದುರ್ಗ ನೆನಪಾಯಿತು. 'ನಾಗರಹಾವು' (1972) ನೋಡಿಯೇ ಅಲ್ಲವೆ ನಾವೆಲ್ಲ ಓಬವ್ವನ ಕಿಂಡಿ ಹುಡುಕಿಕೊಂಡು ಹೋದದ್ದು? ಸಿನಿಮಾ ಕೈಹಿಡಿದು ಬಾಗಿಲವರೆಗೆ ಕರೆದುಕೊಂಡು ಹೋಗುತ್ತೆ. ಒಳಗಿನ ಕಥೆ ಕೇಳಬೇಕಾದರೆ ಬಸ್ಸಿಳಿದು ನಿಲ್ಲಬೇಕು.

ಗ್ಲೆನ್ ಎಟಿವ್ ರಸ್ತೆ ತೀರಾ ಕಿರಿದು, ದೊಡ್ಡ ಬಸ್ಸು ಹೋಗದು. ತಿರುವಿನಲ್ಲಿ ಇಳಿದು ಸ್ವಲ್ಪ ದೂರ ನಡೆದೆ. ಬಾಂಡ್ ಕಾರು ನಿಲ್ಲಿಸಿ ನಿಂತದ್ದು ಈ ದಾರಿಯಲ್ಲೇ. ಬೆಟ್ಟ ನಿಜ, ಮಂಜು ನಿಜ, ಮನೆ ಮಾತ್ರ ಸುಳ್ಳು. ಅಲ್ಲೇ ಒಂದು ಫೋಟೋ ಹೊಡೆಸಿಕೊಂಡೆ.

ಸಂಜೆ ಗ್ಲಾಸ್ಗೋ ತಲುಪಿ ಫೋನು ಮಾಡಿದಾಗ ಮಂಡ್ಯದಲ್ಲಿ ರಾತ್ರಿ ಹನ್ನೊಂದು. ಹೆದರಿಕೊಂಡೇ ಎಲ್ಲ ಹೇಳಿದೆ. ಮನೆ ಇಲ್ಲದ್ದು, ಪ್ಲೈವುಡ್ಡು, ಶಿಲುಬೆ, ಆ 38 ಜನ. ಆ ಕಡೆಯಿಂದ ಸದ್ದಿಲ್ಲ. ಲೈನು ಕಟ್ಟಾಯಿತೇನೋ ಅಂದುಕೊಂಡೆ.

"ಮನೆ ಹೋದ್ರೆ ಹೋಗ್ಲಿ ಬಿಡೋ" ಅಂದ ಕೊನೆಗೆ. "ಆ ಕಣಿವೆ ಕಥೆ ಇನ್ನೊಂದ್ಸಲ ಹೇಳು. ಮೊದಲಿಂದ."