ಗರಿ ಅಂಟುವುದು ಕಡ್ಡಿಗಲ್ಲ, ಅದರ ಮೈಗೆ

ಒಳ್ಳೆಯ ರಿಕರ್ವ್ ಬಿಲ್ಲಿನಿಂದ ಹೊರಟ ಬಾಣದ ವೇಗ ಸೆಕೆಂಡಿಗೆ ಸುಮಾರು 55 ಮೀಟರ್. ನಿಂತಲ್ಲಿಂದ ಅಷ್ಟು ವೇಗಕ್ಕೆ ಏರಲು ಅದಕ್ಕೆ ಸಿಗುವುದು ಅರ್ಧ ಮೀಟರಿನಷ್ಟು ಜಾಗ ಮಾತ್ರ. ಲೆಕ್ಕ ಹಾಕಿದರೆ, ಆ ಕ್ಷಣದಲ್ಲಿ ಬಾಣದ ಮೇಲಿನ ಪ್ರತಿಯೊಂದು ವಸ್ತುವೂ ತನ್ನ ತೂಕದ 300 ಪಟ್ಟು ಬಲದಿಂದ ಹಿಂದಕ್ಕೆ ಉಳಿಯಲು ನೋಡುತ್ತದೆ. ಗಾಬರಿ ಹುಟ್ಟಿಸುವ ಸಂಖ್ಯೆಯೇ. ಆದರೆ ಬಾಣದ ಒಂದು ಗರಿ ತೂಗುವುದು 0.2 ಗ್ರಾಂ ಆಸುಪಾಸು. ಅದರ 300 ಪಟ್ಟು ಎಂದರೂ 60 ಗ್ರಾಂ. ಹತ್ತು ಸೆಂಟಿಮೀಟರ್ ಉದ್ದಕ್ಕೆ ಅಂಟಿಕೊಂಡ ಗರಿಯನ್ನು ಅಷ್ಟು ಸಣ್ಣ ಜಗ್ಗಾಟಕ್ಕೆ ಹಿಡಿದಿಡಲು ಮಕ್ಕಳು ಕಾಗದಕ್ಕೆ ಹಚ್ಚುವ ಗೋಂದೂ ಸಾಕು.

ಆದರೂ ಗರಿ ಕಿತ್ತುಬರುತ್ತದೆ. ಅಂಟಿಗೆ ಬಲ ಕಡಿಮೆಯಾಗಿ ಅಲ್ಲ, ಬಲ ಬೀಳುವ ರೀತಿ ಬೇರೆಯಾಗಿ. ಉದ್ದಕ್ಕೂ ಜಗ್ಗಿದರೆ ಅಂಟಿನ ಇಡೀ ಪಟ್ಟಿ ಭಾರ ಹಂಚಿಕೊಳ್ಳುತ್ತದೆ. ಒಂದು ತುದಿಯಿಂದ ಎಬ್ಬಿಸಿದರೆ ಹಾಗಲ್ಲ. ಅಷ್ಟೂ ಬಲ ಕೂದಲೆಳೆಯಷ್ಟು ಗೆರೆಯ ಮೇಲೆ ಬೀಳುತ್ತದೆ, ಅದು ಬಿಟ್ಟ ಮೇಲೆ ಪಕ್ಕದ ಗೆರೆಯ ಸರದಿ. ಬಾಣ ಹುಲ್ಲಿನ ಗುರಿಯೊಳಗೆ ಆಳವಾಗಿ ತೂರಿದಾಗ ಗರಿಯ ಮುಂತುದಿಗೆ ಆಗುವುದು ಇದೇ. ಜೊತೆಗೆ, ಬಾಣ ನೆಟ್ಟಗೆ ಹೊರಡುವುದೂ ಇಲ್ಲ. ಹೆದೆ ಹಿಂದಿನಿಂದ ತಳ್ಳಿದಾಗ ಬಾಣದ ಕಡ್ಡಿ ಪಕ್ಕಕ್ಕೆ ಬಾಗಿ, ಮತ್ತೆ ಆಚೆಗೆ ಬಾಗಿ, ತೊನೆಯುತ್ತಲೇ ಹಾರುತ್ತದೆ. ಗಾಜಿನಂತೆ ಒಣಗುವ ಅಂಟು ಈ ಬಾಗುವಿಕೆಗೆ ಬಿರುಕುಬಿಡುತ್ತದೆ.

ಇದನ್ನು ಹಿಂದಿನವರು ಚೆನ್ನಾಗಿ ಅರಿತಿದ್ದರು. 1991ರಲ್ಲಿ ಆಲ್ಪ್ಸ್ ಪರ್ವತದ ಹಿಮದಲ್ಲಿ ಸಿಕ್ಕ, ಸುಮಾರು 5300 ವರ್ಷ ಹಿಂದಿನ ‘ಏಟ್ಸಿ’ ಎಂಬ ಮನುಷ್ಯನ ಬತ್ತಳಿಕೆಯಲ್ಲಿ 14 ಬಾಣಗಳಿದ್ದವು. ಪೂರ್ತಿ ತಯಾರಾಗಿದ್ದವು ಎರಡೇ. ಅವುಗಳ ಗರಿಗಳನ್ನು ಬರ್ಚ್ ಮರದ ತೊಗಟೆಯಿಂದ ಇಳಿಸಿದ ಕಪ್ಪು ರಾಳದಿಂದ ಅಂಟಿಸಿ, ಮೇಲೆ ತೆಳುವಾದ ನೂಲು ಸುತ್ತಲಾಗಿತ್ತು. 1545ರಲ್ಲಿ ಮುಳುಗಿ 1982ರಲ್ಲಿ ಮೇಲೆದ್ದ ಇಂಗ್ಲೆಂಡಿನ ‘ಮೇರಿ ರೋಸ್’ ಯುದ್ಧನೌಕೆಯ ಬಾಣಗಳಲ್ಲೂ ಅಂಟು ಮತ್ತು ನೂಲು ಎರಡರ ಗುರುತೂ ಇದೆ. ಅಲ್ಲಿನ ಅಂಟು ಹಸಿರು, ಏಕೆಂದರೆ ಜೇನುಮೇಣಕ್ಕೆ ತಾಮ್ರದ ಕಿಲುಬು ಬೆರೆಸಿದ್ದರು. ಗರಿಯನ್ನು ತಿನ್ನುವ ಹುಳುಗಳನ್ನು ದೂರವಿಡಲು ಇರಬೇಕು. ಗರಿಯನ್ನು ಹಿಡಿಯುವ ಕೆಲಸ ಅಂಟಿನದು, ತುದಿ ಏಳದಂತೆ ತಡೆಯುವ ಕೆಲಸ ನೂಲಿನದು. ಇಂದಿನ ಬಿಲ್ಲುಗಾರರು ನೂಲಿನ ಬದಲು ಗರಿಯ ಎರಡೂ ತುದಿಗೆ ಅಂಟಿನ ಒಂದೊಂದು ಹೆಚ್ಚುವರಿ ಹನಿ ಇಡುತ್ತಾರೆ.

ಹಾಗಾದರೆ ಯಾವ ಕಡ್ಡಿಗೆ ಯಾವ ಅಂಟು? ಪ್ರಶ್ನೆಯನ್ನು ಸ್ವಲ್ಪ ತಿದ್ದಿಕೊಳ್ಳಬೇಕು. ಕಡ್ಡಿಯ ಒಳಗೆ ಏನಿದೆ ಎಂಬುದು ಅಂಟಿಗೆ ಗೊತ್ತಾಗುವುದೇ ಇಲ್ಲ. ಅದು ಮುಟ್ಟುವುದು ಹೊರಮೈಯ ಕೆಲವೇ ಅಣುಗಳ ಪದರವನ್ನು. ಆ ಮೈ ಅಂಟನ್ನು ತನ್ನ ಮೇಲೆ ಹರಡಲು ಬಿಟ್ಟರೆ ಹಿಡಿತ. ಕೆಸುವಿನ ಎಲೆಯ ಮೇಲಿನ ನೀರಿನಂತೆ ಅಂಟು ಮುದುಡಿಕೊಂಡರೆ ಇಲ್ಲ.

ಮರದ ಬರಿಮೈ ಅತ್ಯಂತ ಉದಾರಿ. ಅದರ ಸಣ್ಣ ರಂಧ್ರಗಳೊಳಗೆ ಅಂಟು ಇಳಿದು ಗಟ್ಟಿಯಾಗುತ್ತದೆ. ಬಡಗಿಯ ಬಿಳಿ ಫೆವಿಕಾಲ್ ಕೂಡ ಹಿಡಿಯುತ್ತದೆ. ಆದರೆ ಮಳೆ, ಬೆವರು ತಾಗದಿರಲೆಂದು ಮರದ ಬಾಣಕ್ಕೆ ಬಹುಪಾಲು ಜನ ವಾರ್ನಿಷ್ ಹೊಡೆದಿರುತ್ತಾರೆ. ಅಲ್ಲಿಗೆ ಅಂಟಿನ ವ್ಯವಹಾರ ಮರದ ಜೊತೆಗಲ್ಲ, ವಾರ್ನಿಷ್ ಜೊತೆಗೆ. ನೈಟ್ರೋಸೆಲ್ಯುಲೋಸ್ ಲ್ಯಾಕರ್ ಆಗಿದ್ದರೆ ಬಿಲ್ಲುಗಾರರ ಮಾಮೂಲಿ ದ್ರಾವಕದ ಅಂಟು ಸೊಗಸಾಗಿ ಕೂರುತ್ತದೆ: ಅದರ ದ್ರಾವಕ ಲ್ಯಾಕರನ್ನು ತುಸು ಕರಗಿಸಿ, ಎರಡೂ ಬೆರೆತು ಒಂದಾಗಿ ಒಣಗುತ್ತವೆ. ಅದೇ ಅಂಟನ್ನು ಪಾಲಿಯುರೆಥೇನ್ ಮೇಲೆ ಹಚ್ಚಿದರೆ ಒಣಗಿದ ಪೊರೆಯಾಗಿ ಪಟ್ಟನೆ ಏಳುತ್ತದೆ. ಆ ಲೇಪ ಒಣಗುವಾಗ ಅಣುಗಳು ಅಡ್ಡಡ್ಡ ಹೆಣೆದುಕೊಂಡುಬಿಟ್ಟಿರುತ್ತವೆ, ದ್ರಾವಕಕ್ಕೆ ಕರಗುವುದಿಲ್ಲ. ಅಂಥ ಕಡೆ ಉಪ್ಪುಕಾಗದದಿಂದ ಹೊಳಪು ಹೋಗುವಷ್ಟು ಉಜ್ಜಿಕೊಳ್ಳಬೇಕು.

ಬಿದಿರಿನದು ಇನ್ನೊಂದು ಬಗೆ. ನಮ್ಮ ದೇಶದ ‘ಇಂಡಿಯನ್ ರೌಂಡ್’ ಸ್ಪರ್ಧೆಗಳಲ್ಲಿ ಇಂದಿಗೂ ಬಿದಿರಿನ ಬಿಲ್ಲು ಹಿಡಿಯುತ್ತಾರೆ. ಬಾಣವನ್ನೂ ಬಿದಿರಿನಿಂದ ಮಾಡುವುದಾದರೆ, ಬಿದಿರಿನ ಹೊರಸಿಪ್ಪೆಯಲ್ಲಿ ಮೇಣ ಮತ್ತು ಸಿಲಿಕಾ ತುಂಬಿರುತ್ತದೆ ಎಂಬುದು ನೆನಪಿರಲಿ. ಗರಿ ಕೂರುವ ಜಾಗದಲ್ಲಿ ಅದನ್ನು ಹೆರೆದು ತೆಗೆದರೆ ಮಾತ್ರ ಒಳಗಿನ ನಾರು ಅಂಟಿಗೆ ಸಿಗುತ್ತದೆ.

ಅಲ್ಯೂಮಿನಿಯಂಗೆ ರಂಧ್ರಗಳ ಅನುಕೂಲವಿಲ್ಲ. ನೀರು ಬೆರೆತ ಅಂಟು ಇಲ್ಲಿ ಒಣಗಲು ಪರದಾಡುತ್ತದೆ, ನೀರು ಇಳಿದುಹೋಗಲು ದಾರಿಯೇ ಇಲ್ಲ. ಲೋಹದ ಮೇಲಿನ ಆಕ್ಸೈಡ್ ಪದರ ಅಂಟಿಗೆ ಒಳ್ಳೆಯ ನೆಲೆಯೇ, ಆದರೆ ಅದರ ಮೇಲೆ ಬೆರಳಿನ ಜಿಡ್ಡು ಕೂತಿರುತ್ತದೆ. ಪಾತ್ರೆ ತಿಕ್ಕುವ ಪುಡಿಯಿಂದ ತಿಕ್ಕಿ ನೀರು ಬಿಡಿ. ನೀರು ಹನಿಹನಿಯಾಗಿ ಒಡೆಯದೆ ಒಂದೇ ಪರದೆಯಂತೆ ಇಳಿದರೆ ಮೈ ಶುದ್ಧವಾಗಿದೆ. ಆಮೇಲೆ ಅಲ್ಲಿ ಬೆರಳು ಮುಟ್ಟಿಸಬಾರದು.

ಕಾರ್ಬನ್ ಬಾಣದಲ್ಲಿ ಕಾರ್ಬನ್ ಎಳೆಗಳು ಅಂಟಿಗೆ ಸಿಗುವುದೇ ಇಲ್ಲ. ಅವನ್ನು ಎಪಾಕ್ಸಿ ರಾಳ ಮುಚ್ಚಿರುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ತೀರಾ ಹಗುರವಾಗಿ ಉಜ್ಜಿದರೆ ಸಾಕು. ಜೋರಾಗಿ ಉಜ್ಜಿದರೆ ಎಳೆಗಳೇ ತುಂಡಾಗಿ ಬಾಣ ದುರ್ಬಲವಾಗುತ್ತದೆ, ಆ ದೂಳು ಶ್ವಾಸಕೋಶಕ್ಕೂ ಒಳ್ಳೆಯದಲ್ಲ. ಇಲ್ಲಿ ಹೆಚ್ಚು ನಡೆಯುವುದು ಸಯನೊಅಕ್ರಿಲೇಟ್, ಅಂದರೆ ಫೆವಿಕ್ವಿಕ್ ಜಾತಿಯ ಅಂಟು. 1942ರಲ್ಲಿ ಬಂದೂಕಿನ ಗುರಿಗಾಜಿಗೆ ಪಾರದರ್ಶಕ ಪ್ಲಾಸ್ಟಿಕ್ ಹುಡುಕುತ್ತಿದ್ದ ಅಮೆರಿಕದ ಹ್ಯಾರಿ ಕೂವರ್ ಮತ್ತು ಸಂಗಡಿಗರು ಎಲ್ಲಕ್ಕೂ ಅಂಟಿಕೊಳ್ಳುತ್ತದೆಂದು ಬದಿಗಿಟ್ಟ ರಾಸಾಯನಿಕ ಅದು; 1958ರಲ್ಲಿ ಅದೇ ಕಾರಣಕ್ಕೆ ಮಾರುಕಟ್ಟೆಗೆ ಬಂತು. ಅದನ್ನು ಗಟ್ಟಿ ಮಾಡುವುದು ಗಾಳಿಯ ತೇವ. ಆದರೆ ನೀರಿನಂತೆ ತೆಳುವಾದ ಬಗೆಯನ್ನು ಗರಿಯ ಬುಡ ಹೀರಿಕೊಂಡು ಗರಿಯೇ ಸೆಟೆದುಕೊಳ್ಳುತ್ತದೆ. ಮಂದವಾದ ಜೆಲ್ ಬಗೆ ಗರಿಗೆ ಲೇಸು.

ಕೊನೆಗೆ ಇನ್ನೊಂದು ಲೆಕ್ಕವೂ ಇದೆ. ಗರಿ ಸವೆಯುತ್ತದೆ, ಕಡ್ಡಿ ಉಳಿಯುತ್ತದೆ. ಒಂದೇ ಕಡ್ಡಿಗೆ ಹಲವು ಸಲ ಹೊಸ ಗರಿ ಕೂರಿಸಬೇಕಾಗುತ್ತದೆ. ಎಂದೂ ಬಿಡದ ಎಪಾಕ್ಸಿ ಅಂಟು ಹಚ್ಚಿದರೆ ಮುಂದಿನ ಸಲ ಅದನ್ನು ಹೆರೆಯುವಾಗ ಕಡ್ಡಿಯೂ ಗಾಯಗೊಳ್ಳುತ್ತದೆ. ಬಿಸಿ ಮಾಡಿ ಬಿಡಿಸೋಣವೆಂದರೆ ಕಾರ್ಬನ್ ಕಡ್ಡಿಯ ರಾಳವೇ ಕೆಡುತ್ತದೆ. ಆದ್ದರಿಂದ ಅಂಗಡಿಯಲ್ಲಿ ಅತಿ ಗಟ್ಟಿ ಅಂಟು ಯಾವುದೆಂದು ಕೇಳುವ ಬದಲು, ನಮ್ಮ ಬಾಣದ ಮೇಲಿನ ಲೇಪ ಯಾವುದೆಂದು ಮೊದಲು ತಿಳಿದುಕೊಳ್ಳುವುದು ವಾಸಿ. ಗೊತ್ತಾಗದಿದ್ದರೆ ಒಂದೇ ಗರಿ ಅಂಟಿಸಿ, ಒಂದು ದಿನ ಬಿಟ್ಟು, ಮುಂತುದಿಯಿಂದ ಎಬ್ಬಿಸಿ ನೋಡಿ. ಅಂಟು ಪೊರೆಯಾಗಿ ಎದ್ದುಬಂದರೆ ತಪ್ಪಿರುವುದು ಕಡ್ಡಿಯ ಮೈಯಲ್ಲಿ. ಅಂಟು ಕೂತಲ್ಲೇ ಕೂತು ಗರಿ ಹರಿದರೆ, ಉಳಿದವನ್ನೂ ಹಾಗೆಯೇ ಅಂಟಿಸಬಹುದು.