ಕೋಡಿಹಳ್ಳಿ ಸೀಮೆಯ ಕುರುಕ್ಷೇತ್ರ ಮತ್ತು ಹಾರ್ಮೋನಿಯಂ ಮೇಷ್ಟ್ರು

“ಗೌಡ್ರೇ, ಸಾಲು ಮುಗಿಯೋಗಂಟ ಉಸ್ರು ಬಿಡಬ್ಯಾಡಿ. ದುರ್ಯೋಧನ ಸೋತ್ರೂ ಅವನ ದನಿ ಸೋಲಬಾರ್ದು.”

ಮೇಷ್ಟ್ರು ಹಾರ್ಮೋನಿಯಂ ತಿದಿಯನ್ನು ಮತ್ತೆ ಒತ್ತಿದರು. ಎದುರಿಗೆ ನಿಂತಿದ್ದವರು ಹೆಗಲ ಟವೆಲ್ ಸರಿಮಾಡಿಕೊಂಡು ಕಂದಪದ್ಯವನ್ನು ಮೊದಲಿನಿಂದ ಎತ್ತಿಕೊಂಡರು. ಬೆಳಿಗ್ಗೆ ಡೇರಿಗೆ ಹಾಲು ಹಾಕಿ, ರೇಷ್ಮೆ ಹುಳುವಿಗೆ ಸೊಪ್ಪು ಕೊಟ್ಟು, ಸಂಜೆ ಪಂಪ್‌ಸೆಟ್ ನಿಲ್ಲಿಸಿ ಬಂದ ರೈತ ಅವರು. ಇನ್ನೆರಡು ತಿಂಗಳಿಗೆ ಇದೇ ಊರಿನ ಹಬ್ಬದಲ್ಲಿ ಕಿರೀಟ ಇಟ್ಟು ಗದೆ ಹಿಡಿಯಬೇಕು. ಕನಕಪುರ ತಾಲ್ಲೂಕಿನ ಕೋಡಿಹಳ್ಳಿ ಹೋಬಳಿಯಲ್ಲಿ ರಾಗಿ ಕಣದ ಕೆಲಸ ಮುಗಿದರೆ ನಾಟಕದ ಕಾಲ. ಸುಗ್ಗಿಯಿಂದ ಬೇಸಿಗೆಯ ಜಾತ್ರೆಗಳವರೆಗೆ ಒಂದಲ್ಲ ಒಂದು ಊರಿನಲ್ಲಿ ‘ಕುರುಕ್ಷೇತ್ರ’ದ ಕರಪತ್ರ ಗೋಡೆ ಹತ್ತುತ್ತದೆ.

ಕರಪತ್ರದಲ್ಲಿ ಪಾತ್ರಧಾರಿಗಳ ಹೆಸರು ದಪ್ಪಕ್ಷರದಲ್ಲಿರುತ್ತದೆ. ನನ್ನ ಕಣ್ಣು ಮಾತ್ರ ಮೇಷ್ಟ್ರ ಮೇಲೆಯೇ ನಿಂತಿತು.

ತಾಲೀಮಿನ ಮೊದಲ ದಿನ ಅವರು ಯಾರಿಗೂ ಪಾಠ ಹೇಳುವುದಿಲ್ಲ. ಎಲ್ಲರಿಂದಲೂ ಒಂದೇ ಪದ್ಯ ಹಾಡಿಸಿ, ಯಾರ ಶಾರೀರ ಕಪ್ಪು ಒಂದರ ಶ್ರುತಿಗೆ ಏರುತ್ತದೆ, ಯಾರದು ಅದಕ್ಕೂ ಕೆಳಗೇ ನಿಲ್ಲುತ್ತದೆ ಎಂದು ಹಾರ್ಮೋನಿಯಂನ ಮನೆಗಳನ್ನು ಒತ್ತಿ ನೋಡುತ್ತಾರೆ. ಆದರೆ ಪಾತ್ರ ಹಂಚುವುದು ಶಾರೀರವೊಂದೇ ಅಲ್ಲ. ಈ ನಾಟಕಗಳಲ್ಲಿ ಕಲಾವಿದರೇ ಕೈಯಿಂದ ದುಡ್ಡು ಹಾಕಬೇಕು. ದುರ್ಯೋಧನ, ಕೃಷ್ಣ, ಕರ್ಣನಂಥ ಪಾತ್ರಗಳಿಗೆ ಹೆಚ್ಚು, ಸಣ್ಣ ಪಾತ್ರಗಳಿಗೆ ಕಡಿಮೆ. ದುಡ್ಡು ಕೊಟ್ಟು ಪಾತ್ರ ಹಿಡಿದವರಿಗೆ ಕಂಠ ಇಲ್ಲದಿದ್ದರೆ? ಮೇಷ್ಟ್ರ ವಿದ್ಯೆ ಹೊರಬೀಳುವುದೇ ಅಲ್ಲಿ. ಶ್ರುತಿ ಇಳಿಸುತ್ತಾರೆ. ಉದ್ದದ ಆಲಾಪನೆಯನ್ನು ಅರ್ಧಕ್ಕೆ ನಿಲ್ಲಿಸಿ ಉಳಿದದ್ದನ್ನು ಹಾರ್ಮೋನಿಯಂನಲ್ಲಿ ತಾವೇ ಪೂರೈಸುತ್ತಾರೆ. ಹಾಡಲಾಗದ ಪದ್ಯವನ್ನು ಗತ್ತಿನ ಮಾತಾಗಿಸುತ್ತಾರೆ. ಕುಂದು ಹೊರಗಿನವರಿಗೆ ತಿಳಿಯುವುದಿಲ್ಲ, ಪಾತ್ರಧಾರಿಯ ಮಾನವೂ ಹೋಗುವುದಿಲ್ಲ.

ಅವರ ನೋಟ್‌ಬುಕ್ ರಟ್ಟು ಕಿತ್ತು, ದಾರದಲ್ಲಿ ಹೊಲಿಸಿಕೊಂಡಿದೆ. ಪದ್ಯದ ನೆತ್ತಿಯ ಮೇಲೆ ಮೋಹನ, ಹಿಂದೋಳ, ಭೀಮ್‌ಪಲಾಸ್ ಎಂದು ರಾಗ. ಪಕ್ಕದಲ್ಲಿ ಹಳೆಯ ಕಂಪನಿ ಹಾಡಿನ ಮಟ್ಟು. ಎಲ್ಲಿ ತಬಲ ಸೇರಬೇಕು ಎಂಬುದಕ್ಕೆ ಕೆಂಪು ಶಾಯಿಯ ಗೀಟು. ನಾಟಕದ ರಾತ್ರಿ ಈ ಪುಸ್ತಕ ತೆರೆದಿದ್ದರೂ ಅವರ ಕಣ್ಣು ಇರುವುದು ಪಾತ್ರಧಾರಿಯ ತುಟಿಯ ಮೇಲೆ. ಮಾತು ಮರೆತು ತುಟಿ ತಡವರಿಸಿದ ಕ್ಷಣವೇ ಮುಂದಿನ ಪದ್ಯದ ಮೊದಲ ಸ್ವರಗಳು ಪೆಟ್ಟಿಗೆಯಿಂದ ಹೊರಡುತ್ತವೆ. ಸ್ವರ ಕಿವಿಗೆ ಬಿದ್ದರೆ ಸಾಹಿತ್ಯ ತಾನಾಗಿ ನೆನಪಾಗುತ್ತದೆ. ಸಾವಿರ ಜನರೆದುರು ಹೀಗೆ ಕೈಹಿಡಿದು ದಾಟಿಸಿದ್ದು ಅವರಿಬ್ಬರಿಗೆ ಮಾತ್ರ ಗೊತ್ತು.

ಈ ಕಲೆಯ ಬೇರು ಕಂಪನಿ ನಾಟಕದಲ್ಲಿದೆ. ಪಾರ್ಸಿ ಮತ್ತು ಮರಾಠಿ ತಂಡಗಳನ್ನು ನೋಡಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮೈಸೂರು ಸೀಮೆಯಲ್ಲಿ ವೃತ್ತಿರಂಗಭೂಮಿ ಬೆಳೆಯಿತು. ಗುಬ್ಬಿ ಕಂಪನಿ ಹುಟ್ಟಿದ್ದು 1884ರಲ್ಲಿ. ಗುಬ್ಬಿ ವೀರಣ್ಣನವರು ‘ಕುರುಕ್ಷೇತ್ರ’ಕ್ಕೆ ಆನೆ, ಕುದುರೆಗಳನ್ನೇ ರಂಗಕ್ಕೆ ತಂದದ್ದು ಇಂದಿಗೂ ಹಿರಿಯರ ಬಾಯಲ್ಲಿದೆ. ಸಿನಿಮಾ ಬಂದು ಕಂಪನಿಗಳು ಸೊರಗಿದಾಗ ಪೆಟ್ಟಿಗೆ ಹೊತ್ತು ಹಳ್ಳಿಗೆ ಬಂದವರಿಂದಲೇ ತಮ್ಮ ಗುರುಗಳು ಕಲಿತರು ಎಂದು ಮೇಷ್ಟ್ರು ಹೇಳುತ್ತಾರೆ. ಹೆಣ್ಣು ಪಾತ್ರಗಳನ್ನು ಆಗ ಗಂಡಸರೇ ಕಟ್ಟುತ್ತಿದ್ದರು. ಈಗ ದ್ರೌಪದಿ, ಕುಂತಿ, ಉತ್ತರೆಯರಾಗಿ ವೃತ್ತಿ ಕಲಾವಿದೆಯರು ಬರುತ್ತಾರೆ. ಸೀನರಿ, ಡ್ರೆಸ್, ಮೈಕು ಬಾಡಿಗೆಗೆ. ಮೊದಲೆಲ್ಲ ರಾತ್ರಿ ಪರದೆ ಎದ್ದರೆ ವಿಶ್ವರೂಪ ದರ್ಶನದ ಹೊತ್ತಿಗೆ ಮೂಡಣ ಬೆಳ್ಳಗಾಗುತ್ತಿತ್ತು.

ರೈತರ ನಾಟಕವೆಂದರೆ ಹವ್ಯಾಸ ಎಂದುಕೊಳ್ಳುವವರು ಜಪಾನಿನತ್ತ ಒಮ್ಮೆ ನೋಡಬೇಕು. ಅಲ್ಲಿನ ‘ನೊ’ ನಾಟಕಕ್ಕೆ ಹದಿನಾಲ್ಕನೆಯ ಶತಮಾನದಲ್ಲಿ ಕಾನ್‌ಆಮಿ ಮತ್ತು ಅವನ ಮಗ ಜೆಆಮಿ ರೂಪ ಕೊಟ್ಟರು. ‘ಕಬುಕಿ’ 1603ರಲ್ಲಿ ಕ್ಯೋಟೊ ನಗರದಲ್ಲಿ ಒಕುನಿ ಎಂಬ ಹೆಂಗಸಿನ ಕುಣಿತದಿಂದ ಶುರುವಾಯಿತೆನ್ನುತ್ತಾರೆ. 1629ರಲ್ಲಿ ಸರ್ಕಾರ ಹೆಂಗಸರನ್ನು ರಂಗದಿಂದ ನಿಷೇಧಿಸಿದ ಮೇಲೆ ಹೆಣ್ಣು ಪಾತ್ರ ಗಂಡಸರ ಪಾಲಾಗಿ, ಅದೇ ಒಂದು ಮಹಾವಿದ್ಯೆಯಾಯಿತು. ‘ಬುನ್‌ರಕು’ ಗೊಂಬೆಯಾಟದಲ್ಲಿ ಒಂದೇ ಗೊಂಬೆಯನ್ನು ಮೂವರು ಆಡಿಸುತ್ತಾರೆ. ಮಾತು, ಹಾಡು ಪಕ್ಕದಲ್ಲಿ ಕುಳಿತ ಗಾಯಕನದು, ಅವನಿಗೆ ಜೊತೆ ಶಾಮಿಸೆನ್ ತಂತಿವಾದ್ಯ. ನಮ್ಮಲ್ಲಿ ಒಳ್ಳೆಯ ಪದ್ಯಕ್ಕೆ “ಒನ್ಸ್ ಮೋರ್” ಬಿದ್ದಂತೆ ಕಬುಕಿ ನಟ ಭಂಗಿ ಹೊಡೆದು ನಿಂತಾಗ ಪ್ರೇಕ್ಷಕರು ಅವನ ಮನೆತನದ ಹೆಸರು ಕೂಗುತ್ತಾರೆ. ಈ ಮೂರು ಕಲೆಗಳೂ 2008ರಲ್ಲಿ ಯುನೆಸ್ಕೊ ಪರಂಪರೆಯ ಪಟ್ಟಿ ಸೇರಿದವು.

ನನಗೆ ಮುಖ್ಯವೆನಿಸುವುದು ಟೋಕಿಯೊದ ದೊಡ್ಡ ರಂಗಮಂದಿರವಲ್ಲ, ಯಮಗಾಟ ಪ್ರಾಂತ್ಯದ ಕುರೊಕಾವಾ. ಅಲ್ಲಿ ಐನೂರು ವರ್ಷಗಳಿಂದ ಊರಿನ ಒಕ್ಕಲು ಮಕ್ಕಳೇ ನೊ ಆಡುತ್ತಾರೆ. ಫೆಬ್ರುವರಿ 1ರ ಸಂಜೆ, ಹೊರಗೆ ಹಿಮ ಬಿದ್ದಿರುವಾಗ, ಒಬ್ಬರ ಮನೆಯಲ್ಲೇ ಆಟ ಶುರುವಾಗಿ ಬೆಳಗಿನವರೆಗೂ ನಡೆಯುತ್ತದೆ. ಮೊದಲು ರಂಗಕ್ಕೆ ಬರುವುದು ಒಂದು ಪುಟ್ಟ ಮಗು. ಅದು ನೆಲ ತುಳಿದು ಹಬ್ಬ ಆರಂಭಿಸುತ್ತದೆ. ಶೋದೊ ದ್ವೀಪದಲ್ಲಿ, ನಾಗಾನೊ ಬೆಟ್ಟಗಳ ಒಶಿಕಾದಲ್ಲಿ ಹಳ್ಳಿಗರೇ ಕಬುಕಿ ಕಟ್ಟುತ್ತಾರೆ. ಉತ್ತವರು, ಬಿತ್ತವರು ಆಡುವ ಆಟವನ್ನು ಆ ದೇಶ ತನ್ನ ಸಂಪತ್ತೆಂದು ದಾಖಲಿಸಿ ಕಾಪಾಡಿಕೊಂಡಿದೆ.

ನಮ್ಮಲ್ಲೂ ಕಾಪಾಡುವ ಕೈಗಳಿಲ್ಲವೆಂದಲ್ಲ. ಎಚ್.ಎಲ್. ನಾಗೇಗೌಡರು 1994ರಲ್ಲಿ ರಾಮನಗರದ ಬಳಿ ಜಾನಪದ ಲೋಕ ಕಟ್ಟಿದರು. ಈ ಬಯಲುಸೀಮೆಯದೇ ಆದ ಮೂಡಲಪಾಯ ಯಕ್ಷಗಾನವನ್ನು ಜೀ.ಶಂ. ಪರಮಶಿವಯ್ಯನವರು ಹುಡುಕಿ, ಅಧ್ಯಯನ ಮಾಡಿ ಬೆಳಕಿಗೆ ತಂದರು. ಆದರೆ ಹಾರ್ಮೋನಿಯಂ ಮೇಷ್ಟ್ರ ಪೌರಾಣಿಕ ನಾಟಕ ಯಾವ ಸಾಲಿಗೂ ಸಲೀಸಾಗಿ ಸೇರುವುದಿಲ್ಲ. ಜಾನಪದದವರಿಗೆ ಅದು ಕಂಪನಿ ನಾಟಕದ ನೆರಳು, ಆಧುನಿಕ ರಂಗಭೂಮಿಗೆ ಹಳೆಯ ಗದ್ದಲ. ಇತ್ತ ಊರಿನಲ್ಲೂ ಕಾಲ ಬದಲಾಗಿದೆ. ಬಿಡದಿಯ ಕಾರ್ಖಾನೆಗಳ ಶಿಫ್ಟಿಗೆ ಹೋಗುವ ಹುಡುಗರಿಗೆ ರಾತ್ರಿ ತಾಲೀಮು ಹೊಂದುವುದಿಲ್ಲ. ಪದ್ಯಗಳು ಕತ್ತರಿಗೆ ಸಿಕ್ಕು ಆಟ ಗಿಡ್ಡವಾಗುತ್ತಿದೆ, ಹಾರ್ಮೋನಿಯಂ ಜಾಗದಲ್ಲಿ ಕೀಬೋರ್ಡ್ ಕೂತಿದೆ.

ಹಾಗಿದ್ದೂ ಬಣ್ಣ ಹಚ್ಚುವ ಆಸೆ ಈ ಸೀಮೆಯಲ್ಲಿ ಬತ್ತಿಲ್ಲ. ದುರ್ಯೋಧನರಿಗೆ ಬರವಿಲ್ಲ, ಅವರನ್ನು ತಿದ್ದುವವರಿಗೇ ಬರ. ನೋಟ್‌ಬುಕ್ಕನ್ನು ಯಾವುದಾದರೂ ವಿಶ್ವವಿದ್ಯಾಲಯ ನಾಳೆಯೇ ಪ್ರತಿ ಮಾಡಿಸಿ ಇಡಬಹುದು, ಇಡಲೂಬೇಕು. ಆದರೆ ತುಟಿ ತಡವರಿಸುವುದನ್ನು ಕಂಡು ಸ್ವರ ಕೊಡುವ ಬಗೆ ಆ ಪುಸ್ತಕದಲ್ಲಿಲ್ಲ. ಅದನ್ನು ಕಲಿಯಲು ಮೇಷ್ಟ್ರ ಪಕ್ಕದಲ್ಲಿ ಕೆಲವು ಸುಗ್ಗಿಗಳಾದರೂ ಕೂರಬೇಕು. “ಪಾತ್ರ ಕೇಳ್ಕೊಂಡು ಬರ್ತಾರೆ ಸ್ವಾಮಿ, ಪೆಟ್ಟಿಗೆ ಕೇಳ್ಕೊಂಡು ಯಾರೂ ಬರ್ಲಿಲ್ಲ” ಎನ್ನುತ್ತಾರೆ ಅವರು. ಈ ವರ್ಷವಾದರೂ ಕೋಡಿಹಳ್ಳಿ ಸೀಮೆಯ ಒಬ್ಬ ಹುಡುಗನೋ ಹುಡುಗಿಯೋ ಅದನ್ನು ಕೇಳಿಕೊಂಡು ಹೋಗಲಿ.